ಮೂವತ್ತೆರಡನೆಯ ಪುಟ

ಪುಸ್ತಕ ಪ್ರಕಾಶನದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಅಪರೂಪಕ್ಕೆ ನಮ್ಮ ಮನೆಗೆ ಬಂದು, "ಚಾಚಾ, ನಿಮ್ಮ ಕಾಲದಾಗ ಪುಸ್ತಕ ಹ್ಯಾಂಗ ಆರಿಸ್ತಿದ್ರಿ?" ಎಂದು ಕೇಳುತ್ತಾರೆ. ಪುಸ್ತಕಗಳನ್ನು ನಾವು ಆರಿಸುತ್ತಿದ್ದೆವು ಎಂಬ ಅವರ ನಂಬಿಕೆಯನ್ನು ಕೆಡಿಸಲು ಮನಸ್ಸಾಗದೆ ಚಹಾ ಕುಡಿಸಿ ಕಳಿಸಿಬಿಡುತ್ತೇನೆ. ಆದರೆ ಸುಳ್ಳನ್ನು ಎಷ್ಟು ದಿನ ಚಹಾದಲ್ಲಿ ಅದ್ದಿ ಕೊಡುವುದು? ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲುಗಳ ವಿಷಯ ಇದರಲ್ಲಿ ಬರುವುದಿಲ್ಲ. ಬಡ್ತಿ ನನಗೆ ಒಂದೇ ಸಲ ಸಿಕ್ಕಿತು. ಸ್ಟೂಲು ಹೋಗಿ ಕುರ್ಚಿ ಬಂತು. ಅದರ ಬಗ್ಗೆ ಬರೆಯುವಂಥದ್ದು ಹೆಚ್ಚೇನಿಲ್ಲ, ಒಂದು ಕಾಲು ಗಿಡ್ಡವಾಗಿತ್ತು.

ಎಪ್ಪತ್ತರ ದಶಕದ ಮಾತು. ಊರನ್ನು ಆಗ ವಿಜಾಪುರ ಎನ್ನುತ್ತಿದ್ದೆವು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಒಂದು ಮುದ್ರಣಾಲಯ. ಹೊಟ್ಟೆಪಾಡಿಗೆ ಮದುವೆ ಪತ್ರಿಕೆ, ರಸೀದಿ ಪುಸ್ತಕ, ನಾಟಕದ ಕರಪತ್ರ. ಮರ್ಯಾದೆಗೆ ವರ್ಷಕ್ಕೆ ನಾಲ್ಕೋ ಐದೋ ಪುಸ್ತಕ. ಕಥೆ ಕಾದಂಬರಿಗಳ ಸಹವಾಸ ನಮಗಿರಲಿಲ್ಲ. ಎತ್ತಿನ ರೋಗ, ಲಿಂಬೆ ತೋಟ, ಮನೆ ಕಟ್ಟುವುದು, ಅರ್ಜಿ ಬರೆಯುವುದು, ಇಂಥ ತಿಳಿವಳಿಕೆಯ ಪುಸ್ತಕಗಳು ಮಾತ್ರ. ಅಲ್ಲಿ ನಾನು ಹಸ್ತಪ್ರತಿ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ನಾನಲ್ಲದೆ ಇನ್ನಾರೂ ಇರಲಿಲ್ಲವಾದ್ದರಿಂದ ನನ್ನ ಆಜ್ಞೆಯನ್ನು ಮೀರುವ ಧೈರ್ಯ ಯಾರಿಗೂ ಆಗಲಿಲ್ಲ.

ನನ್ನ ಕೆಲಸ ಇಷ್ಟು. ತಲೆಯಲ್ಲಿ ಪುಸ್ತಕ ಇಟ್ಟುಕೊಂಡು ಬಂದವರನ್ನು ಎದುರಿಗೆ ಕೂರಿಸಿಕೊಂಡು, ಆ ಇನ್ನೂ ಬರೆಯದ ಪುಸ್ತಕವನ್ನು ಒಂದೇ ಹಾಳೆಗೆ ಇಳಿಸುವುದು. ಅದಕ್ಕೆ ಪ್ರಸ್ತಾವ ಎಂದು ಹೆಸರು. ಆ ಹಾಳೆ ನಮ್ಮ ಮಾಲಕರಾದ ಸಂಗಪ್ಪನವರ ಮುಂದೆ ಹೋಗುತ್ತಿತ್ತು. ಅವರು ಚಹಾವನ್ನು ಬಶಿಗೆ ಸುರಿದುಕೊಂಡು, ನಿಂತುಕೊಂಡೇ ಓದುತ್ತಿದ್ದರು. ಹಾಳೆ ಮುಗಿಯುವ ಮೊದಲು ಬಶಿ ಬರಿದಾದರೆ ಪುಸ್ತಕ ಅಲ್ಲಿಗೇ ಮುಗಿಯಿತು. ಪುಣ್ಯಾತ್ಮರು ಬಿಸಿ ಚಹಾವನ್ನೇ ಕುಡಿಯುತ್ತಿದ್ದರು ಎನ್ನುವುದು ಈ ಭಾಗದ ಲೇಖಕರ ಭಾಗ್ಯ.

ಹಾಳೆಯಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಇರಬೇಕಾಗಿತ್ತು. ಪುಸ್ತಕ ಏನು ಹೇಳುತ್ತದೆ? ಅದನ್ನು ಇವರೇ ಯಾಕೆ ಹೇಳಬೇಕು? ಯಾರು ಓದುತ್ತಾರೆ? ಯಾರು ಕೊಳ್ಳುತ್ತಾರೆ? ಹೊಸಬರು ಕೊನೆಯ ಎರಡನ್ನು ಒಂದೇ ಪ್ರಶ್ನೆ ಎಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಎರಡರ ನಡುವೆ ಎಷ್ಟು ದೂರ ಇದೆ ಎಂಬುದು ನನಗೆ ಬಬಲೇಶ್ವರದ ಬಸ್ಸು ಹತ್ತಿದ ಮೇಲೆ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಕಾಗದಕ್ಕೆ ಆಗ ಬರ. ಮಾಲಕರು ಬಿಳಿ ಹಾಳೆಯನ್ನು ಬೀಗದಲ್ಲಿಡುತ್ತಿದ್ದರು. ನಾವೆಲ್ಲ ಬರೆಯುತ್ತಿದ್ದದ್ದು ಮದುವೆ ಪತ್ರಿಕೆಗಳ ಕರಡಚ್ಚಿನ ಬೆನ್ನ ಮೇಲೆ. ಹೀಗಾಗಿ ಜಾನುವಾರುಗಳ ಕಾಲುಬೇನೆಯ ಪ್ರಸ್ತಾವವನ್ನು ತಿರುಗಿಸಿದರೆ 'ತಾವು ಸಹಕುಟುಂಬ ಬಂದು ವಧೂವರರನ್ನು ಆಶೀರ್ವದಿಸಬೇಕು' ಎಂದಿರುತ್ತಿತ್ತು.

ಬಂದವರು ನಾನಾ ಬಗೆಯವರು. ಒಬ್ಬ ವಕೀಲರು ತಾವು ನಡೆಸಿದ ಒಂದೇ ಒಂದು ಹೊಲದ ಬಾಂದಿನ ಜಗಳದ ಮೇಲೆ ಎರಡು ಸಂಪುಟ ಬರೆಯುವವರಿದ್ದರು. ಯಾರು ಓದುತ್ತಾರೆ ಎಂದರೆ, "ಎದುರು ಪಾರ್ಟಿ" ಎಂದರು. ಟಿಕೋಟಾದ ಸಿದ್ದಪ್ಪ ಎಂಬ ರೈತ ದ್ರಾಕ್ಷಿ ಬೆಳೆಯ ಮೇಲೆ ಪುಸ್ತಕ ಬರೆಯುತ್ತೇನೆಂದು ಬಂದ. ಆ ಕಡೆ ದ್ರಾಕ್ಷಿ ಆಗಷ್ಟೇ ಕಾಲಿಡುತ್ತಿದ್ದ ಕಾಲ, ವಿಷಯ ಒಳ್ಳೆಯದಿತ್ತು. "ಪ್ರಸ್ತಾವದ ಜೋಡಿ ಒಂದು ನಮೂನೆ ಕಳಿಸು" ಎಂದೆ. ಒಂದು ಅಧ್ಯಾಯ ಬರೆದು ಕಳಿಸು ಎಂಬುದು ನನ್ನ ಅರ್ಥ. ಎಂಟು ದಿನಕ್ಕೆ ಬಸ್ಸಿನಲ್ಲಿ ಒಂದು ಬುಟ್ಟಿ ದ್ರಾಕ್ಷಿ ಬಂತು. ನಮೂನೆ ಅತ್ಯುತ್ತಮವಾಗಿತ್ತು. ಮಾಲಕರು ಎರಡು ದಿನ ಕೂತು ಕೂಲಂಕಷವಾಗಿ ಪರಿಶೀಲಿಸಿದರು. ಆದರೆ ಅದನ್ನು ಅಚ್ಚು ಮಾಡುವ ವಿಧಾನ ನಮಗೆ ತಿಳಿಯಲಿಲ್ಲ. ಅಂದಿನಿಂದ 'ನಮೂನೆ' ಎಂಬ ಮಾತನ್ನು ಬಿಟ್ಟು 'ಬರೆದ ಎಂಟು ಹಾಳೆ' ಎನ್ನಲು ಕಲಿತೆ. ನೀವೂ ಹಾಗೇ ಅನ್ನಿ.

ಒಂದು ವರ್ಷ ಶಿವರಾತ್ರಿ ಕಳೆದ ಮೇಲೆ ಕಮಲಾಬಾಯಿ ಬಂದರು. ಬಿಳಿ ಸೀರೆ, ಬಗಲಲ್ಲಿ ಚೀಲ. ಬಬಲೇಶ್ವರದ ಸರಕಾರಿ ದವಾಖಾನೆಯಲ್ಲಿ ನರ್ಸು. ಸುತ್ತಲಿನ ಹಳ್ಳಿಗಳ ಹೆರಿಗೆಗಳೆಲ್ಲ ಅವರ ಕೈಯಲ್ಲಿ. ನಾನು ನನ್ನ ಹುದ್ದೆಗೆ ತಕ್ಕ ಗಾಂಭೀರ್ಯದಿಂದ ಕೇಳಿದೆ:

"ಪುಸ್ತಕ ಬರಿಯಾವ್ರು ಯಾರು, ನಿಮ್ಮ ಮನಿಯವರೇನ್ರಿ?"

"ಅವರು ಬಸ್ ಹೊಡೀತಾರ್ರಿ. ಬಸ್ ಅವರು ಹೊಡೀಲಿ, ಪುಸ್ತಕ ನಾ ಬರೀತೇನಿ."

ಹಸ್ತಪ್ರತಿ ವಿಭಾಗ ತನ್ನ ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿಕೊಂಡಿತು. ವಿಷಯ ಏನೆಂದು ಕೇಳಿದೆ. ಬಾಣಂತಿ ಮತ್ತು ಕೂಸು, ಮೊದಲ ನಲವತ್ತು ದಿನ. ಹೊಕ್ಕುಳು ಕತ್ತರಿಸುವ ಬ್ಲೇಡು ಕುದಿಸುವುದು, ಮೊದಲ ಹಾಲನ್ನು ಹಿಂಡಿ ಚೆಲ್ಲದಿರುವುದು, ಬಾಣಂತಿಗೆ ನೀರು ಕೊಡುವುದು.

"ನೀರು ಕೊಡೂದಕ್ಕ ಪುಸ್ತಕ ಬೇಕೇನ್ರಿ ಬಾಯಾರ?" ಎಂದೆ.

ಅವರು ಬಗಲಿನ ಚೀಲವನ್ನು ನನ್ನ ಮೇಜಿನ ಮೇಲಿಟ್ಟರು. "ನಿಮ್ಮ ಮನ್ಯಾಗ ಬಾಣಂತನ ಆಗಿಲ್ಲೇನ್ರಿ? ನೀರು ಕೊಟ್ರ ಮೈ ಬಾವು ಬರತೈತಿ ಅಂತ ದಿನಾ ಒಂದು ಬಟ್ಟಲ ಮ್ಯಾಲ ಕೊಡೂದಿಲ್ಲ. ಹೋದ ವರ್ಷ ಬ್ಯಾಸಿಗ್ಯಾಗ ಮಮದಾಪುರದಾಗ ಒಂದು ಹುಡುಗಿ. ಚೊಚ್ಚಲ ಹೆರಿಗಿ. ಜ್ವರ ಬಂದಿತ್ತು, ನೀರು ನೀರು ಅಂತ ಕೇಳಿದ್ಳಂತ. ಮೂರು ದಿನ ತುಟಿ ಒದ್ದಿ ಮಾಡಿದ್ದು ಬಿಟ್ರ ಏನೂ ಇಲ್ಲ. ನಾ ಹೋಗೂದ್ರಾಗ ಬಾಳ ಹೊತ್ತಾಗಿತ್ರಿ. ಅವರ ಮನಿ ಬಾಗಲದಾಗ ನಿಂತ್ರ ಕೆರಿ ಕಾಣತೈತಿ. ಅಷ್ಟು ದೊಡ್ಡ ಕೆರಿ."

ನಾನು ಪೆನ್ಸಿಲಿಗೆ ಮೊನೆ ಮಾಡತೊಡಗಿದೆ. ಅದಕ್ಕೆ ಮೊನೆ ಇತ್ತು.

"ನಾ ಇರೂತನಕ ಮನಿ ಮನಿಗೆ ಹೋಗಿ ಬಾಯಿಲೆ ಹೇಳ್ತೇನ್ರಿ" ಎಂದರು ಕಮಲಾಬಾಯಿ. "ಜೂನಿಗೆ ಚಡಚಣದ ಕಡೆ ವರ್ಗ ಐತಿ. ಬಾಯಿ ನನ್ನ ಕೂಡ ಬರತೈತಿ. ಹಾಳಿ ಆದ್ರ ಇಲ್ಲೇ ಇರತೈತಿ. ಜೂನಿನೊಳಗ ಮಾಲಕರು ಹೂಂ ಅನಬೇಕು."

ನಾನು ಆವೇಶಗೊಂಡೆ. ಯುವಕರೇ, ಪ್ರಸ್ತಾವ ಬರೆಯುವವನು ಎಂದೂ ಆವೇಶಗೊಳ್ಳಬಾರದು. ನಾನು ಬರೆದ ಮೊದಲ ವಾಕ್ಯ ಇನ್ನೂ ನೆನಪಿದೆ: 'ಪ್ರಸೂತ್ಯನಂತರದ ಜಲಪ್ರಾಶನದ ಆವಶ್ಯಕತೆಯನ್ನು ಸಮಸ್ತ ಸ್ತ್ರೀಕುಲಕ್ಕೆ ಮನಗಾಣಿಸುವ ಸದುದ್ದೇಶದಿಂದ ಪ್ರೇರಿತವಾದ ಈ ಗ್ರಂಥವು...' ವಾಕ್ಯ ಮುಗಿಯುವ ಹೊತ್ತಿಗೆ ಹಾಳೆಯ ಅರ್ಧ ಮುಗಿದಿತ್ತು. ಯಾರು ಓದುತ್ತಾರೆ ಎಂಬಲ್ಲಿ 'ಸಮಸ್ತ ಸ್ತ್ರೀಕುಲ' ಎಂದೂ, ಯಾರು ಕೊಳ್ಳುತ್ತಾರೆ ಎಂಬಲ್ಲಿ 'ಮೇಲಿನಂತೆಯೇ' ಎಂದೂ ಬರೆದೆ.

ಸಂಗಪ್ಪನವರು ಮೊದಲ ವಾಕ್ಯದ ನಡುವೆಯೇ ಬಶಿ ಬರಿದು ಮಾಡಿದರು. ಆಮೇಲೆ, ನನ್ನ ಮುಖ ನೋಡಿ ಕನಿಕರ ಬಂದಿರಬೇಕು, ಉಳಿದದ್ದನ್ನೂ ಓದಿದರು.

"ಸಾಬ್ರ, ಇದರಾಗ ಬಾಣಂತಿ ಎಲ್ಲಿ ಅದಾಳ?"

"ಮೂರನೇ ಸಾಲಿನ್ಯಾಗ ಅದಾಳ್ರಿ. ಪ್ರಸೂತೆ ಅಂತ."

"ಹೂಂ. ಈ ಸ್ತ್ರೀಕುಲಕ್ಕ ಓದಾಕ ಬರತೈತೇನು?"

ನಾನು ಕಮಲಾಬಾಯಿ ಹೇಳಿದ್ದನ್ನೇ ಹೇಳಿದೆ. ಓಣಿಗೆ ಒಬ್ಬ ಸಾಲಿ ಕಲಿತ ಹುಡುಗಿ ಇರತಾಳ; ಆಕಿ ಓದತಾಳ, ಓಣಿ ಕೂತು ಕೇಳತೈತಿ. ಇದು ನನಗೆ ಬಹಳ ಬಲವಾದ ವಾದವೆಂದು ತೋರಿತ್ತು. ಸಂಗಪ್ಪನವರು ಬಶಿಯನ್ನು ಕೆಳಗಿಟ್ಟರು.

"ಅಂದ್ರ ಓಣಿಗೆ ಒಂದು ಪ್ರತಿ. ಸಣ್ಣ ಊರಾದ್ರ ಊರಿಗೆ ಒಂದು. ಓದಾವ್ರು ನೂರು ಮಂದಿ, ಕೊಳ್ಳಾವ್ರು ಒಬ್ಬರು. ಪುಸ್ತಕ ಚಲೋ ಐತ್ರಿ ಸಾಬ್ರ, ಬ್ಯಾಡ ಅನ್ನೂದಿಲ್ಲ. ಆದ್ರ ಇರೂ ಕಾಗದದಾಗ ನಾ ಎರಡು ಫಾರಂ ಇದಕ್ಕ ಕೊಟ್ರ, ಅದು ಮನಿ ಮನಿಗೆ ಹೋಗಬೇಕು. ಮನಿ ಮನಿಗೂ ಯಾಕ ಬೇಕಾಗತೈತಿ ಅಂತ ಹೇಳ್ರಿ, ನಾಳೆ ಅಚ್ಚಿನ ಮೊಳಿ ಜೋಡಸ್ತೇನಿ. ಸ್ತ್ರೀಕುಲ ಬ್ಯಾಡ."

ಎರಡು ಫಾರಂ ಎಂದರೆ ಮೂವತ್ತೆರಡು ಪುಟ. ನಾನು ಸಂಗಪ್ಪನವರನ್ನು ಒಂದು ವಾರ ಮನಸ್ಸಿನಲ್ಲೇ ಬೈದೆ. ಈಗ ಅನ್ನಿಸುತ್ತದೆ, ನನ್ನ ಸೇವಾವಧಿಯಲ್ಲಿ ಯಾರಾದರೂ ನನಗೆ ಪಾಠ ಹೇಳಿದ್ದರೆ ಅವರೇ. ಒಳ್ಳೆಯ ಪುಸ್ತಕ ಎಂಬುದು ಪ್ರಸ್ತಾವಕ್ಕೆ ಉತ್ತರವಲ್ಲ. ಅದು ಮನೆಯೊಳಗೆ ಯಾವ ಬಾಗಿಲಿನಿಂದ ಹೋಗುತ್ತದೆ, ಹೋದ ಮೇಲೆ ಎಲ್ಲಿ ಕೂರುತ್ತದೆ ಎಂದು ಹೇಳಬೇಕು. ಅದನ್ನು ಮೇಜಿನ ಮುಂದೆ ಕೂತು ಹೇಳಲಾಗದು.

ಅದಕ್ಕೇ ಒಂದು ಸೋಮವಾರ ಬಬಲೇಶ್ವರದ ಬಸ್ಸು ಹತ್ತಿದೆ. ಕಮಲಾಬಾಯಿ ಗಂಗವ್ವ ಎಂಬ ಹಿರಿಯಾಕೆಯ ಮನೆಗೆ ಕರೆದುಕೊಂಡು ಹೋದರು. ಆಕೆಯ ಮೊಮ್ಮಗಳು ಹೆತ್ತು ಅಂದಿಗೆ ಐದನೆಯ ದಿನ. ನಾನು ಹೊರಗಿನ ಕಟ್ಟೆಯ ಮೇಲೆ ಕೂತೆ. ಒಳಗೆ ಶೆಟಿಗೆವ್ವನ ಪೂಜೆಯ ಸಡಗರ. ತಿಳಿಯದವರಿಗೆ ಹೇಳುತ್ತೇನೆ: ಐದನೆಯ ದಿನ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂದು ನಂಬಿಕೆ. ಬರೆಯುವವಳಿಗೆ ಅನುಕೂಲವಾಗಲೆಂದು ಪೂಜೆಯ ಮುಂದೆ ಒಂದು ಬಿಳಿ ಹಾಳೆಯನ್ನೂ ಒಂದು ಲೇಖನಿಯನ್ನೂ ಇಡುತ್ತಾರೆ. ದೇವತೆಗಳಲ್ಲಿ ನಮ್ಮ ಕಸುಬಿನವಳು ಇವಳೊಬ್ಬಳೇ.

ಆ ಮನೆಯಲ್ಲಿ ಹಾಳೆ ಇರಲಿಲ್ಲ, ಲೇಖನಿಯೂ ಇರಲಿಲ್ಲ. ಗಂಗವ್ವ ಹೊರಗೆ ಬಂದು ನನ್ನ ಕಿಸೆಯನ್ನು ನೋಡಿದಳು.

"ಯಪ್ಪಾ, ಪೆನ್ನು ಐತಿ ನಿಂದು. ಒಂದು ಹಾಳಿನೂ ಕೊಡು."

ನಾನು ಸಂತೋಷದಿಂದ ಪೆನ್ನು ಕೊಟ್ಟು, ಚೀಲದಿಂದ ಒಂದು ಹಾಳೆ ತೆಗೆದುಕೊಟ್ಟೆ. ಆಕೆ ಅದನ್ನು ತಿರುಗಿಸಿ ನೋಡಿದಳು. ಓದಲು ಬಾರದಿದ್ದರೂ ಗಣಪತಿಯ ಚಿತ್ರ, ಎರಡು ಬಾಳೆಗಿಡ, ನಡುವೆ ಕಳಶ ಕಂಡರೆ ಏನೆಂದು ತಿಳಿಯದಿರುತ್ತದೆಯೇ?

"ಇದರ ಮ್ಯಾಲ ಯಾರದೋ ಮದುವಿ ಐತಲ್ಲೋ! ನಮ್ಮ ಕೂಸಿಗೆ ಐದನೇ ದಿನಕ್ಕ ಲಗ್ನಾ ಮಾಡ್ತೀಯೇನು?"

"ಹಿಂದಿನ ಬಾಜೂಕ ಖಾಲಿ ಐತಲ್ಲ ಆಯಿ, ಅಲ್ಲಿ ಬರೀಲಿ."

"ಆಕಿಗೆ ಹಿಂದಿಂದು ಕಾಣೂದಿಲ್ಲೇನು? ದೇವರಿಗೆ ಮೋಸಾ ಮಾಡಾಕ ಪ್ಯಾಟಿಲಿಂದ ಬಂದಿಯಾ?"

"ಹಂಗಾರ ಮಗ್ಗಲಮನ್ಯಾಗ ಹೋದ ವಾರ ಪೂಜಿ ಆತಲ್ಲ ಬೇ" ಎಂದಳು ಒಳಗಿನಿಂದ ಒಬ್ಬಳು, "ಅವರ ಹಾಳಿ ಇಸಕೊಂಡು ಬರ್ಲಿ?"

"ಹುಚ್ಚಿ ಅದೀ ಏನು! ಒಬ್ಬರ ಹಾಳಿ ಇನ್ನೊಬ್ರಿಗೆ ನಡಿತೈತೇನು? ಅದರಾಗ ಅವರ ಕೂಸಿಂದು ಬರದಿರತಾಳ."

ಕಡೆಗೆ ಕಮಲಾಬಾಯಿ ತಮ್ಮ ಹೆರಿಗೆ ರಿಜಿಸ್ಟರಿನಿಂದ ಒಂದು ಬಿಳಿ ಹಾಳೆ ಹರಿದು ಕೊಟ್ಟರು. ನಾನು ಕಟ್ಟೆಯ ಮೇಲೆ ಕೂತೇ ಇದ್ದೆ. ಮನಿ ಮನಿಗೂ ಯಾಕ ಬೇಕಾಗತೈತಿ? ಸಂಗಪ್ಪನವರ ಪ್ರಶ್ನೆಗೆ ಗಂಗವ್ವ ಉತ್ತರ ಹೇಳಿ ಒಳಗೆ ಹೋಗಿದ್ದಳು. ಹುಟ್ಟಿದ ಪ್ರತಿ ಕೂಸಿಗೂ ಒಂದು ಹಾಳೆ ಬೇಕು, ಅದು ಖಾಲಿ ಇರಬೇಕು, ಒಬ್ಬರದು ಇನ್ನೊಬ್ಬರಿಗೆ ನಡೆಯಬಾರದು. ಪುಸ್ತಕದ ಕೊನೆಯ ಪುಟವನ್ನು ಖಾಲಿ ಬಿಟ್ಟರೆ? ಅದರ ಬೆನ್ನಿಗಿರುವುದು ಯಾರದೋ ಮದುವೆಯಲ್ಲ, ಬಾಣಂತಿ ಕೂಸಿನದೇ ಪಾಠ.

ಬಸ್ಸಿಗೆ ನಡೆಯುತ್ತ ಕಮಲಾಬಾಯಿಗೆ ಹೇಳಿದೆ. ಅವರು ಕುಣಿದಾಡುತ್ತಾರೆಂದು ನಿರೀಕ್ಷಿಸಿದ್ದೆ. ಅವರ ಮುಖ ಸಣ್ಣದಾಯಿತು.

"ನಾವು ಬುದ್ಧನ ಮಂದಿ ಅದೇವ್ರಿ ಸಾಹೇಬ್ರ. ಹಣೆಬರಹ ಅನ್ನೂದು ಇಲ್ಲ ಅಂತ ನಮ್ಮಪ್ಪ ಹೇಳಿ ಹೇಳಿ ಬೆಳೆಸ್ಯಾನ. ಹಣ್ಯಾಗ ಬರದಿತ್ತು, ಸತ್ಳು, ಅಂತ ಮಮದಾಪುರದ ಹುಡುಗಿ ಮನ್ಯಾಗೂ ಅಂದ್ರು. ಈಗ ನಾನ ಅದಕ್ಕ ಹಾಳಿ ಹೊಂದಿಸಿ ಕೊಡ್ಲೇನು?"

ಅಷ್ಟರಲ್ಲಿ ಬಸ್ಸು ಬಂತು. ವಾರದ ಮೇಲೆ ಒಂದು ಕಾರ್ಡು ಬಂತು. ಅದರಲ್ಲಿದ್ದದ್ದು ಇಷ್ಟೇ: 'ಕಡೀ ಪುಟ ಆಕಿ ಬರೀಲಿ. ಮೊದಲಿನ ಮೂವತ್ತೊಂದು ನಾ ಬರೀತೇನಿ.'

ಎರಡನೆಯ ಪ್ರಸ್ತಾವವನ್ನು ಹನ್ನೊಂದು ಸಾಲಿನಲ್ಲಿ ಬರೆದೆ. ಸಂಸ್ಕೃತ ಒಂದೂ ಇರಲಿಲ್ಲ. ಅದರ ಜೊತೆಗೆ, ಮಾಲಕರು ಬಾಯಿಮಾತು ನಂಬುವವರಲ್ಲವೆಂದು, ಎಂಟು ಪುಟದ ಒಂದು ಚಿಕ್ಕ ಪುಸ್ತಕವನ್ನೇ ಅಚ್ಚು ಮಾಡಿಸಿ ಇಡೋಣ ಎಂದು ಯೋಚಿಸಿದೆ. ಏಳು ಪುಟ ಕಮಲಾಬಾಯಿ ಬರೆದು ಕಳಿಸಿದ ಪಾಠ, ಎಂಟನೆಯದು ಖಾಲಿ. ಮಾಲಕರ ಮುಂದಿಡುವ ಮೊದಲು ಅದನ್ನು ಒಂದು ಬಾಣಂತಿಯ ಮನೆಯಲ್ಲಿ ಇಟ್ಟು ನೋಡಬೇಕು. ದ್ರಾಕ್ಷಿಯ ಸಿದ್ದಪ್ಪನ ಸೊಸೆ ಟಿಕೋಟಾದಲ್ಲಿ ಹೆತ್ತಿದ್ದಳೆಂದು ಸುದ್ದಿ ಬಂದಿತ್ತು.

ಇಲ್ಲಿ ನನ್ನ ಮಹಾಪ್ರಮಾದ. ಅಚ್ಚಿನ ಮೊಳೆ ಜೋಡಿಸುವ ತುಕಾರಾಮನಿಗೆ ಹಸ್ತಪ್ರತಿ ಕೊಡುವಾಗ, ಎಂಟನೆಯ ಪುಟ ಖಾಲಿ ಎಂದು ತಿಳಿಸಲು ನಾನು ಎಂಟನೆಯ ಹಾಳೆಯನ್ನು ಖಾಲಿ ಇಟ್ಟೆ. ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳುವುದು? ಆದರೆ ತುಕಾರಾಮ ಇಪ್ಪತ್ತು ವರ್ಷ ಕಾಗದದ ಬರದಲ್ಲೇ ಪಳಗಿದವನು. ಖಾಲಿ ಜಾಗ ಬಿಟ್ಟರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಮದುವೆ ಪತ್ರಿಕೆಯ ಮೂಲೆಯಲ್ಲೂ 'ಮಕ್ಕಳ ವಿನಂತಿ' ತುರುಕುವವನು. ನಾನು ಅಂದು ಗಡಿಬಿಡಿಯಲ್ಲಿ ಪುಸ್ತಕವನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಟಿಕೋಟಾಕ್ಕೆ ಹೋದೆ.

ಸಿದ್ದಪ್ಪ ಬಹಳ ಗೌರವದಿಂದ ಪಡಸಾಲೆಯಲ್ಲಿ ಕಂಬಳಿ ಹಾಸಿದ. ಅವನ ತಾಯಿ, ಮಗ್ಗುಲಮನೆಯ ಹೆಂಗಸರು, ಎಲ್ಲರೂ ಸೇರಿದರು. ಸಿದ್ದಪ್ಪ ತಾನೇ ಓದುತ್ತೇನೆಂದು ಪುಸ್ತಕ ತೆಗೆದುಕೊಂಡ. ಚೆನ್ನಾಗಿಯೇ ಓದಿದ. ಹೆಂಗಸರು ಅಲ್ಲಲ್ಲಿ ಹೌದೌದು ಎಂದರು, ಒಂದೆರಡು ಕಡೆ ಮೂಗು ಮುರಿದರು. ಏಳನೆಯ ಪುಟ ಮುಗಿಯಿತು.

"ಈಗ ಹಾಳಿ ತಿರುವಿ ಹಾಕಪಾ" ಎಂದೆ, ಜಾದೂಗಾರನ ಹಾಗೆ. "ಆಯಿ, ಈ ಕಡೀ ಪುಟ ನಿಮ್ಮ ಶೆಟಿಗೆವ್ವಗ."

ಸಿದ್ದಪ್ಪ ಹಾಳೆ ತಿರುವಿ, ಅದೇ ಓಘದಲ್ಲಿ ಗಟ್ಟಿಯಾಗಿ ಓದಿದ: "ಕಪ್ಪು ಹಲ್ಲು, ಬಾಯಿ ದುರ್ವಾಸನೆಗೆ ಇಂದೇ ಉಪಯೋಗಿಸಿರಿ, ನಮ್ಮ ಹಲ್ಲುಪುಡಿ!"

ಮಗ್ಗುಲಮನೆಯ ಹೆಂಗಸರು ಒಳಮನೆಯ ಕಡೆ ನೋಡಿದರು. ಆಮೇಲೆ ಸಿದ್ದಪ್ಪನ ತಾಯಿ ಎದ್ದು ನಿಂತಳು.

"ಕೂಸಿಗೆ ಇನ್ನಾ ಹಲ್ಲ ಬಂದಿಲ್ಲ! ಆಗಲೇ ಕಪ್ಪ ಹಲ್ಲು, ಬಾಯಿ ನಾತ ಅಂತ ಬರಕೊಂಡು ಬಂದಾನಲ್ಲ ಇಂವ! ಏಳೋ ಸಿದ್ಯಾ, ಇದನ್ನ ಹೊರಗ ಒಗಿ."

"ಯವ್ವಾ, ಸಾಹೇಬ್ರು ಪ್ಯಾಟಿಲಿಂದ..."

"ಪ್ಯಾಟ್ಯಾಗಿನ ಮಂದಿದು ಹಲ್ಲು ಕಪ್ಪಿರ್ಲಿ, ನಮಗೇನು? ಬುಟ್ಟಿಗಟ್ಲೆ ದ್ರಾಕ್ಷಿ ತಿಂದ ಋಣಾ ಹಿಂಗ ತೀರಸ್ತಾರೇನು?"

ಸೇವಾವಧಿಯಲ್ಲಿ ನಾನು ಹಲವು ಸಭೆಗಳಿಂದ ಎದ್ದು ಬಂದಿದ್ದೇನೆ. ಅಷ್ಟು ಬೇಗ ಎಲ್ಲಿಂದಲೂ ಎದ್ದಿಲ್ಲ.

ಮರುದಿನ ತುಕಾರಾಮನನ್ನು ಹಿಡಿದೆ. ಅವನು ನನ್ನ ಖಾಲಿ ಹಾಳೆಯನ್ನು ತಂದು ತೋರಿಸಿದ. "ನೋಡ್ರಿ, ಇದರಾಗ ಏನ ಬರದೀರಿ? ಏನೂ ಇಲ್ಲ. ಮರತೀರಿ ಅಂತ ತಿಳಕೊಂಡು ನಾನ ನಿಮ್ಮ ಮರ್ಯಾದಿ ಉಳಿಸೇನಿ. ಖಾಲಿ ಬೇಕಂದ್ರ ಖಾಲಿ ಅಂತ ಬರೀಬೇಕ್ರಿ ಸಾಬ್ರ."

ಅವನ ಮಾತು ನ್ಯಾಯವಾಗಿತ್ತು. ಈ ಸಲ ಎಂಟನೆಯ ಹಾಳೆಯ ನಡುವೆ ಕೆಂಪು ಪೆನ್ಸಿಲಿನಲ್ಲಿ ದಪ್ಪಗೆ ಬರೆದೆ: 'ಈ ಪುಟದಲ್ಲಿ ಏನನ್ನೂ ಅಚ್ಚು ಮಾಡಬಾರದು.' ಸಂಜೆ ಕರಡಚ್ಚು ಬಂತು. ಎಂಟನೆಯ ಪುಟದ ನಟ್ಟನಡುವೆ, ಸುತ್ತಲೂ ಬಳ್ಳಿಯ ಚೌಕಟ್ಟಿನೊಳಗೆ, ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: 'ಈ ಪುಟದಲ್ಲಿ ಏನನ್ನೂ ಅಚ್ಚು ಮಾಡಬಾರದು.'

ಮೂರನೆಯ ಸಲ ನಾನೇ ಯಂತ್ರದ ಬಳಿ ನಿಂತೆ. ಹೊಸಬರಿಗೆ ಇಷ್ಟು ಹೇಳಬೇಕು: ಬರೆದು ಕೊಟ್ಟೆ, ನನ್ನ ಕೆಲಸ ಮುಗಿಯಿತು ಎಂದು ಎಂದೂ ಅಂದುಕೊಳ್ಳಬೇಡಿ. ಹೋಗಿ ನಿಲ್ಲಿ.

ಮೇ ತಿಂಗಳ ಮೊದಲ ವಾರ ಹನ್ನೊಂದು ಸಾಲಿನ ಪ್ರಸ್ತಾವವನ್ನೂ ಎಂಟು ಪುಟದ ಪುಸ್ತಕವನ್ನೂ ಸಂಗಪ್ಪನವರ ಮುಂದಿಟ್ಟೆ. ಓದಿ ಮುಗಿದಾಗ ಬಶಿಯಲ್ಲಿ ಇನ್ನೂ ಚಹಾ ಇತ್ತು. ಖಾಲಿ ಪುಟದ ಮೇಲೆ ಬೆರಳಾಡಿಸಿದರು.

"ಇಲ್ಲಿ ಏನೂ ಇಲ್ಲಲ್ರಿ."

"ಅದ ಅದರ ಮಜಕೂರ್ರಿ."

"ಕಾಗದ ಸಿಗದ ಕಾಲದಾಗ ಖಾಲಿ ಪುಟಾ ಮಾರಂತೀರಿ." ಸ್ವಲ್ಪ ತಡೆದು ಕೇಳಿದರು, "ನಿಮ್ಮ ಮಂದ್ಯಾಗೂ ಐತೇನು ಇದು?"

"ನಮ್ಮಲ್ಲಿ ಆರನೇ ದಿನ ಛಟ್ಟಿ ಅಂತಾರ್ರಿ. ಹೆಸರು ಬ್ಯಾರೆ. ಬಾಣಂತಿಗೆ ನೀರು ಕೊಡದ ಇರೂದು ಮಾತ್ರ ಒಂದ."

ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಪುಸ್ತಕವನ್ನು ಮಡಿಸಿ ಅಂಗಿಯ ಕಿಸೆಗೆ ಹಾಕಿಕೊಂಡು ಮನೆಗೆ ಹೋದರು. ಒಂದು ವಾರ, ಎರಡು ವಾರ, ಮೂರು ವಾರ. ಕಮಲಾಬಾಯಿಯಿಂದ ಎರಡು ಕಾರ್ಡು ಬಂದವು. ಮೊದಲನೆಯದರಲ್ಲಿ, 'ಮಾಲಕರು ಏನಂದ್ರು?' ಎರಡನೆಯದರಲ್ಲಿ, 'ವರ್ಗದ ಆರ್ಡರ್ ಬಂತು. ಒಂದನೇ ತಾರೀಖು ಹೋಗಬೇಕು.' ನಾನು ಎರಡಕ್ಕೂ ಉತ್ತರ ಬರೆಯಲಿಲ್ಲ. ಸಂಗಪ್ಪನವರನ್ನು ಕೇಳಲು ಎರಡು ಸಲ ಎದ್ದೆ, ಎರಡು ಸಲವೂ ಕುರ್ಚಿಯ ಗಿಡ್ಡ ಕಾಲನ್ನು ಸರಿ ಮಾಡಿ ಕೂತೆ. ಅವರ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಾಲಕರು ಮುದ್ರಣಾಲಯಕ್ಕೆ ಬಂದರೂ ಮನಸ್ಸು ಮನೆಯಲ್ಲಿರುತ್ತಿತ್ತು.

ತಿಂಗಳ ಕೊನೆಯ ದಿನ ಬೆಳಿಗ್ಗೆ ಅವರು ನೇರವಾಗಿ ನನ್ನ ಮೇಜಿಗೆ ಬಂದರು. ಮಾಲಕರು ತಾವಾಗಿ ನನ್ನ ಮೇಜಿಗೆ ಬಂದದ್ದು ಅದೇ ಮೊದಲು. ಕಿಸೆಯಿಂದ ಪುಸ್ತಕ ತೆಗೆದು ಮುಂದಿಟ್ಟರು. ಅದು ಮೆತ್ತಗಾಗಿತ್ತು. ಕೊನೆಯ ಪುಟದ ಮೇಲೆ ಅರಿಸಿನ ಕುಂಕುಮ.

"ಮೊನ್ನೆ ಮಗಳಿಂದು ಐದನೇ ದಿನ ಇತ್ರಿ" ಎಂದರು. "ನಮ್ಮಾಕಿ ಬಿಳಿ ಹಾಳಿ ಕೊಡು ಅಂದ್ಳು. ಮನಿ ತುಂಬ ಹುಡಿಕಿದೆ. ಛಾಪಖಾನೆ ಮಾಲಕನ ಮನ್ಯಾಗ ಎಲ್ಲಾ ಹಾಳಿ ಮ್ಯಾಲ ಮಂದೀ ಮದುವಿ. ಬಿಳೀದು ಅಂತ ಸಿಕ್ಕಿದ್ದು ಇದೊಂದ."

ಅರಿಸಿನ ಅಳಿಸದ ಹಾಗೆ ನಾನು ಪುಸ್ತಕವನ್ನು ಎತ್ತಿಕೊಂಡೆ.

"ಪೂಜಿಗೆ ಇಡೂ ಮೊದಲ ಮಗಳು ಮಲಕೊಂಡಲ್ಲೇ ಓದಿದ್ಳು, ಜೋರಾಗಿ. ನಮ್ಮಾಕಿ ಕೇಳ್ಕೋತ ಕೂತ್ಳು. ನಡುವ ಎದ್ದು ಹೋದ್ಳು. ಸಿಟ್ಟು ಬಂತೇನೋ ಅಂದೆ." ಸಂಗಪ್ಪನವರು ಕಿಟಕಿಯ ಕಡೆ ನೋಡಿದರು. "ಒಂದು ತಂಬಿಗಿ ನೀರು ತಂದು ಕೊಟ್ಟಾಳ. ಹುಡುಗಿ ಕುಡದದ್ದು ನೋಡಬೇಕಿತ್ರಿ ಸಾಬ್ರ. ಐದು ದಿನದ್ದು."

ಆಮೇಲೆ ಮತ್ತೆ ಮಾಲಕರಾದರು. "ಒಂದು ತಿದ್ದುಪಡಿ. ನೀರಿನ ಪಾಠ ಮೂರನೇದಾಗಿ ಇಟ್ಟೀರಿ. ಮೊದಲಿಗೆ ತರ್ರಿ. ಮೂರನೇದಕ್ಕ ಬರೂತನಕ ಬಾಣಂತಿ ಕಾಯಬೇಕೇನು?"

ಪ್ರಸ್ತಾವದ ಮೇಲೆ ಸಹಿ ಮಾಡಿದರು. ಪುಟಗಳು ಮೂವತ್ತೆರಡು ಎಂದಿದ್ದಲ್ಲಿ ತಮ್ಮ ಕೈಯಾರೆ ಸೇರಿಸಿದರು: 'ಅದರಲ್ಲಿ ಒಂದು ಖಾಲಿ.'

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ. ಕಮಲಾಬಾಯಿ ಒಂದು ಟ್ರಂಕಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಏಳಲಿಲ್ಲ. ಏನು ಸುದ್ದಿಯೋ ಎಂದು ಹೆದರಿದ್ದರೆಂದು ಕಾಣುತ್ತದೆ. ಸಹಿಯಾದ ಪ್ರಸ್ತಾವದ ಹಾಳೆಯನ್ನು ಕೈಗೆ ಕೊಟ್ಟೆ. ಓದಿದರು. ಟಿಕೋಟಾದ ಹಲ್ಲುಪುಡಿಯ ಕಥೆಯನ್ನೂ ಮಾಲಕರ ಮನೆಯ ತಂಬಿಗೆಯ ಕಥೆಯನ್ನೂ ಹೇಳಿದೆ. ಕೇಳಿ ಹಾಳೆಯನ್ನು ಮಡಿಸಿ ನನಗೆ ಮರಳಿಸಿದರು.

"ಒಂದು ತಂಬಿಗಿ" ಎಂದರು. "ಆತು ಬಿಡ್ರಿ. ಸುರು ಆತು."

ಚಡಚಣದ ಬಸ್ಸು ಬಂತು. ಟ್ರಂಕನ್ನು ಮೇಲಕ್ಕೆ ಏರಿಸಿದ ಮೇಲೆ ಕಿಟಕಿಯಿಂದ ಬಗ್ಗಿ ಎಚ್ಚರಿಸಿದರು: "ಸಾಹೇಬ್ರ, ಕಡೀ ಪುಟದಾಗ ಮತ್ತ ಹಲ್ಲುಪುಡಿ ಬಂದೀತು, ನೋಡಕೋರ್ರಿ."

ಬರಲಿಲ್ಲ. ಆ ಪುಸ್ತಕ ಆ ವರ್ಷವೇ ಬಂತು, ಮತ್ತೆ ಮತ್ತೆ ಅಚ್ಚಾಯಿತು. ಪ್ರತಿ ಸಲವೂ ನಾನು ಹೋಗಿ ಯಂತ್ರದ ಬಳಿ ನಿಂತೆ. ಮೂವತ್ತೊಂದು ಪುಟಗಳಲ್ಲಿ ಅಚ್ಚಿನ ತಪ್ಪುಗಳು ಧಾರಾಳವಾಗಿದ್ದವು. ಒಂದು ಆವೃತ್ತಿಯಲ್ಲಿ ಕುದಿಸಬೇಕಾದ ಬ್ಲೇಡನ್ನು ಕುಡಿಸಿದ್ದೆವು, ತಿದ್ದೋಲೆ ಅಂಟಿಸಬೇಕಾಯಿತು. ನನ್ನ ಇಡೀ ಸೇವಾವಧಿಯಲ್ಲಿ ಒಂದೂ ತಪ್ಪಿಲ್ಲದೆ ನಾನು ಹೊರಗೆ ಕಳಿಸಿದ ಪುಟ ಮೂವತ್ತೆರಡನೆಯದೊಂದೇ.